ಸ್ಟೇಷನ್ ಹತ್ತಿರದ ಹೋಟೆಲ್: ಎದುರು ರಸ್ತೆಯದೋ, ಎರಡನೇ ಬೀದಿಯದೋ?

ದೊಡ್ಡ ಊರಿನ ರೈಲ್ವೆ ಸ್ಟೇಷನ್ ಸುತ್ತ ಸಿಗುವ ಹೋಟೆಲುಗಳು ಹೆಚ್ಚುಕಮ್ಮಿ ಮೂರು ಬಗೆ. ಸ್ಟೇಷನ್ ಕಟ್ಟಡಕ್ಕೇ ಅಂಟಿಕೊಂಡವು, ಎದುರು ರಸ್ತೆಯಲ್ಲಿ ಸಾಲಾಗಿ ಬೋರ್ಡು ಹಾಕಿಕೊಂಡವು, ಒಂದೆರಡು ಬೀದಿ ಒಳಗಿರುವವು. ಒಂದು ರಾತ್ರಿ ಉಳಿದು ಬೆಳಿಗ್ಗೆ ಇನ್ನೊಂದು ರೈಲು ಹಿಡಿಯುವವರಿಗೆ ಮೂರನೆಯ ಬಗೆಯೇ ವಾಸಿ. ಆದರೆ ಅದು ನೀವು ಹೊರಬರುವ ಬಾಗಿಲಿನ ಕಡೆಗೇ ಇರಬೇಕು. ಎದುರು ರಸ್ತೆಯ ಹೋಟೆಲುಗಳಿಗೆ ಗಿರಾಕಿ ತಾನಾಗಿಯೇ ನಡೆದು ಬರುತ್ತಾನೆ. ಮತ್ತೊಮ್ಮೆ ಬರಲಿ ಎಂಬ ಗರಜು ಹೆಚ್ಚಿನವಕ್ಕೆ ಇಲ್ಲ. ಹಾಸಿಗೆ, ನಲ್ಲಿ, ಕಿಟಕಿಯ ಚಿಲಕ ನೋಡಿದರೆ ಅದು ಗೊತ್ತಾಗುತ್ತದೆ.

ಮೊದಲು ದೂರದ ಮಾತು. ಬುಕಿಂಗ್ ಆ್ಯಪಿನಲ್ಲಿ ‘ಸ್ಟೇಷನ್‌ನಿಂದ 300 ಮೀಟರ್’ ಎಂದಿದ್ದರೆ ಅದು ಸಾಮಾನ್ಯವಾಗಿ ನಕ್ಷೆಯ ಮೇಲಿನ ನೇರ ಗೆರೆ. ನಡುವೆ ಹತ್ತು ಹಳಿ ಇರಲಿ, ಮೇಲ್ಸೇತುವೆ ಇರಲಿ, ಆ ಗೆರೆಗೆ ಲೆಕ್ಕವಿಲ್ಲ. ಟೋಕಿಯೊ ಸ್ಟೇಷನ್ನನ್ನೇ ತೆಗೆದುಕೊಳ್ಳಿ: ಒಂದು ಕಡೆ ಮರುನೊಉಚಿ ಬಾಗಿಲು, ಇನ್ನೊಂದು ಕಡೆ ಯಾಎಸು ಬಾಗಿಲು. ತಪ್ಪು ಬಾಗಿಲಲ್ಲಿ ಹೊರಬಿದ್ದರೆ ಹಳಿಗಳನ್ನು ದಾಟಿ ಆಚೆ ಹೋಗುವುದೇ ಒಂದು ಕೆಲಸ. ಜಪಾನಿನ ಮನೆ ಬಾಡಿಗೆ ಜಾಹೀರಾತುಗಳಲ್ಲಿ 80 ಮೀಟರಿಗೆ ಒಂದು ನಿಮಿಷ ಎಂದು ನಡಿಗೆಯನ್ನು ಲೆಕ್ಕ ಹಾಕುತ್ತಾರೆ. ಅದು ಬರಿಗೈಯವರ ಲೆಕ್ಕ. ಟ್ರಾಲಿ ಎಳೆದುಕೊಂಡು, ಹೆಗಲಿಗೊಂದು ಬ್ಯಾಗ್ ಹಾಕಿಕೊಂಡವರು ನಿಮಿಷಕ್ಕೆ 50 ಮೀಟರ್ ಹಿಡಿದರೆ ಸಾಕು. ಮೆಟ್ಟಿಲು ಬಂದರೆ ಅದೂ ಇಲ್ಲ.

ಹಾಗಾಗಿ ಬುಕ್ ಮಾಡುವ ಮುಂಚೆ ನಕ್ಷೆಯಲ್ಲಿ ಸ್ಟೇಷನ್ ಹೆಸರು ಹಾಕಬೇಡಿ. ನೀವು ಹೊರಬರುವ ಬಾಗಿಲಿನ ಹೆಸರು ಹಾಕಿ, ಅಲ್ಲಿಂದ ಹೋಟೆಲ್ ಬಾಗಿಲಿಗೆ ನಡಿಗೆಯ ದಾರಿ ತೆಗೆಯಿರಿ. ಬೀದಿಯ ಚಿತ್ರ ಸಿಗುವ ಕಡೆ ಆ ದಾರಿಯನ್ನು ಒಮ್ಮೆ ಕಣ್ಣಲ್ಲೇ ನಡೆದುಬಿಡಿ. ಫುಟ್‌ಪಾತ್ ಇದೆಯೇ, ರಸ್ತೆ ನಡುವೆ ಬೇಲಿ ಹಾಕಿದ್ದಾರೆಯೇ, ಹೋಟೆಲಿನ ಬಾಗಿಲು ನೆಲಮಟ್ಟದಲ್ಲಿದೆಯೇ ಎಂದು ಗೊತ್ತಾಗುತ್ತದೆ. ಹಳೆಯ ಕಟ್ಟಡಗಳಲ್ಲಿ ರಿಸೆಪ್ಷನ್ ಮೂರನೇ ಮಹಡಿಯಲ್ಲಿದ್ದು, ಲಿಫ್ಟು ಶುರುವಾಗುವುದೇ ಹತ್ತು ಮೆಟ್ಟಿಲು ಹತ್ತಿದ ಮೇಲೆ ಎಂಬಂಥ ಚಂದಗಳೂ ಇವೆ. ಊರಿನಲ್ಲಿ ಒಂದಕ್ಕಿಂತ ಹೆಚ್ಚು ದೊಡ್ಡ ಸ್ಟೇಷನ್ ಇದ್ದರಂತೂ ಟಿಕೆಟ್ಟನ್ನು ಎರಡು ಸಲ ಓದಿ. ಪ್ಯಾರಿಸ್ಸಿನ ಗಾರ್ ದು ನೋರ್ ಮತ್ತು ಗಾರ್ ದ ಲಿಯಾನ್ ಎರಡೂ ದೊಡ್ಡವೇ, ಆದರೆ ಒಂದರ ಪಕ್ಕ ಮಲಗಿ ಇನ್ನೊಂದರಲ್ಲಿ ರೈಲು ಹಿಡಿಯಬೇಕೆಂದರೆ ಊರೊಳಗೇ ಇನ್ನೊಂದು ಪ್ರಯಾಣ.

ಎರಡನೇ ಬೀದಿಯನ್ನು ಮೆಚ್ಚಲು ನಿಜವಾದ ಕಾರಣ ಶಬ್ದ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಯುರೋಪಿಗೆ ಕೊಟ್ಟ ಮಾರ್ಗಸೂಚಿಯ ಪ್ರಕಾರ ರಾತ್ರಿ ಹೊತ್ತು ರೈಲಿನ ಸರಾಸರಿ ಸದ್ದು 44 ಡೆಸಿಬೆಲ್ ಮೀರಬಾರದು. ಸ್ಟೇಷನ್ ಎದುರಿನ ಗೋಡೆಗೆ ಈ ಭಾಗ್ಯ ಸಿಗುವುದು ಅಪರೂಪ, ಏಕೆಂದರೆ ರೈಲಿನ ಜೊತೆ ಮೈಕು, ಹಾರ್ನು, ಟ್ಯಾಕ್ಸಿ ಸಾಲು ಎಲ್ಲ ಸೇರಿಕೊಳ್ಳುತ್ತವೆ. ಹಳಿಯಂಥ ಉದ್ದನೆಯ ಮೂಲದಿಂದ ಬರುವ ಸದ್ದು ದೂರ ಎರಡರಷ್ಟಾದರೂ ಸುಮಾರು 3 ಡೆಸಿಬೆಲ್ ಮಾತ್ರ ಇಳಿಯುತ್ತದೆ. ಎಂದರೆ ಅದೇ ನೇರ ರಸ್ತೆಯಲ್ಲಿ 50 ಮೀಟರಿನಿಂದ 100 ಮೀಟರಿಗೆ ಸರಿದರೂ ಕಿವಿಗೆ ಅಂಥ ವ್ಯತ್ಯಾಸ ತಿಳಿಯದು. ನಡುವೆ ಕಟ್ಟಡಗಳ ಒಂದು ಸಾಲು ಅಡ್ಡ ನಿಂತರೆ ಮಾತ್ರ ಸದ್ದು ಗಣನೀಯವಾಗಿ ಬೀಳುತ್ತದೆ. ನೂರೈವತ್ತು ಹೆಜ್ಜೆ ಹೆಚ್ಚು ನಡೆದದ್ದಕ್ಕೆ ಸಿಗುವ ಪ್ರತಿಫಲ ಅದು.

ಮೇಲಿನ ಮಹಡಿ ನಿಶ್ಶಬ್ದ ಎಂಬ ನಂಬಿಕೆ ಇಲ್ಲಿ ಅರ್ಧ ಮಾತ್ರ ಸರಿ. ಮುಂದಿನ ಸಾಲಿನ ಛಾವಣಿಗಿಂತ ನಿಮ್ಮ ಕಿಟಕಿ ಎತ್ತರಕ್ಕೆ ಹೋಯಿತೋ, ಆ ಮರೆ ಹೋಯಿತು. ಹಳಿ ಕಂಡರೆ ಸದ್ದೂ ಬರುತ್ತದೆ. ಕೆಳಗೆ ಸುರಂಗ ರೈಲು ಇರುವ ಕಡೆ ಲೆಕ್ಕ ತಿರುಗುತ್ತದೆ. ಅದರ ಗುಡುಗು ಕಿಟಕಿಯಿಂದಲ್ಲ, ನೆಲದಿಂದ ಗೋಡೆ ಹಿಡಿದು ಬರುವುದರಿಂದ ಕೆಳಮಹಡಿಯೇ ಹೆಚ್ಚು ಅದುರುತ್ತದೆ. ಕೌಂಟರಿನಲ್ಲಿ ‘ಒಳ್ಳೆ ರೂಮು ಕೊಡಿ’ ಎಂದರೆ ಏನೂ ಹೇಳಿದಂತಾಗಲಿಲ್ಲ. ‘ಹಿಂಬದಿಯ ರೂಮು ಕೊಡಿ, ಲಿಫ್ಟ್ ಪಕ್ಕದ್ದು ಬೇಡ, ಎಸಿ ಯಂತ್ರಗಳಿರುವ ಗಾಳಿಕಿಂಡಿಯ ಕಡೆಯದೂ ಬೇಡ’ ಎಂದು ಬಿಡಿಸಿ ಹೇಳಿ. ರೂಮಿಗೆ ಹೋದೊಡನೆ ಕಿಟಕಿ ಮುಚ್ಚಿ ಚೌಕಟ್ಟಿನ ರಬ್ಬರ್ ಉದ್ದಕ್ಕೂ ಅಂಗೈ ಆಡಿಸಿ. ಗಾಳಿ ತಾಗಿದರೆ ಸದ್ದೂ ನುಸುಳುತ್ತದೆ, ಗಾಜು ಎರಡು ಪದರದ್ದಾದರೂ ಅಷ್ಟೆ. ಬ್ಯಾಗ್ ಬಿಚ್ಚುವ ಮೊದಲಾದರೆ ರೂಮು ಬದಲಿಸಿಕೊಡುತ್ತಾರೆ, ಬಿಚ್ಚಿದ ಮೇಲೆ ಮುಖ ಗಂಟಿಕ್ಕುತ್ತಾರೆ.

ಅತಿ ಹೆಚ್ಚು ಜನ ಎಡವುವುದು ತಾರೀಖಿನಲ್ಲಿ. ರೈಲು 15ನೇ ತಾರೀಖು 00:40ಕ್ಕೆ, ಅಂದರೆ 14ರ ನಡುರಾತ್ರಿ ಕಳೆದು ನಲವತ್ತು ನಿಮಿಷಕ್ಕೆ ತಲುಪುತ್ತದೆ ಎಂದರೆ ಬುಕ್ ಮಾಡಬೇಕಾದ್ದು 14ರ ರಾತ್ರಿಯನ್ನು. 15 ಎಂದು ಒತ್ತಿದವರಿಗೆ ಸಿಗುವ ರೂಮು ಅದೇ ದಿನ ಮಧ್ಯಾಹ್ನ ಶುರುವಾಗುತ್ತದೆ, ಅಲ್ಲಿಯವರೆಗೆ ಲಾಬಿಯ ಸೋಫಾ. ಬೆಳಗಿನ ಜಾವ ಐದಕ್ಕೆ ಇಳಿಯುವವರದೂ ಇದೇ ಗೋಳು. ಚೆಕ್ ಇನ್ ಮಧ್ಯಾಹ್ನ 2ಕ್ಕೆ ಎಂದಿದ್ದರೆ ದಾರಿ ಎರಡು: ಹಿಂದಿನ ರಾತ್ರಿಯ ಹಣ ಕೊಟ್ಟು ನೇರ ಹಾಸಿಗೆಗೆ ಹೋಗುವುದು, ಇಲ್ಲವೇ ಲಗೇಜು ಇಟ್ಟು ಮುಖ ತೊಳೆದು ಊರು ಸುತ್ತುವುದು. ಮೊದಲನೆಯದಾದರೆ ‘ಬೆಳಗಿನ ಜಾವ ಬರುತ್ತೇವೆ’ ಎಂದು ಮೊದಲೇ ಬರೆದು ತಿಳಿಸಿ, ಇಲ್ಲದಿದ್ದರೆ ಬರಲಿಲ್ಲವೆಂದು ರೂಮನ್ನು ಬೇರೆಯವರಿಗೆ ಕೊಟ್ಟಿರುತ್ತಾರೆ. ಎರಡನೆಯದಾದರೆ ಲಗೇಜಿಗೆ ಚೀಟಿ ಕೊಡುತ್ತಾರೆಯೇ, ಬೀಗವಿರುವ ಕೋಣೆಯಲ್ಲಿ ಇಡುತ್ತಾರೆಯೇ ನೋಡಿ. ಮೆಟ್ಟಿಲ ಕೆಳಗೆ ಬಲೆ ಹೊದಿಸಿದ ಗುಡ್ಡೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ರಾತ್ರಿಯಿಡೀ ಕೌಂಟರಿನಲ್ಲಿ ಜನ ಇರುತ್ತಾರೆಯೇ ಎಂಬುದನ್ನೂ ಕೇಳಿ. ಹನ್ನೊಂದಕ್ಕೆ ಬಾಗಿಲು ಹಾಕಿ, ಮೊಬೈಲಿಗೆ ಕೋಡ್ ಕಳಿಸುವ ಪದ್ಧತಿ ಸಣ್ಣ ಹೋಟೆಲುಗಳಲ್ಲಿ ಇದೆ. ಬ್ಯಾಟರಿ ಮುಗಿದ ಫೋನು ಹಿಡಿದು ನಿಂತವರಿಗೆ ಅದು ಬಂದ್ ಆದ ಹೋಟೆಲೇ. ಇನ್ನು, ರದ್ದು ಮಾಡಿದರೆ ಹಣ ವಾಪಸ್ ಇಲ್ಲ ಎಂಬ ಅಗ್ಗದ ದರ ರೈಲಿನಲ್ಲಿ ಬರುವವರಿಗೆ ತಕ್ಕದ್ದಲ್ಲ. ರೈಲು ಆರು ಗಂಟೆ ತಡವಾದರೆ ರಾತ್ರಿಯೇ ಮುಗಿದಿರುತ್ತದೆ.

ಸ್ಟೇಷನ್ನಿಗೇ ಅಂಟಿದ ಹೋಟೆಲುಗಳ ಬಗ್ಗೆ ಎರಡೇ ಮಾತು. ಲಂಡನ್ನಿನ ಸೇಂಟ್ ಪ್ಯಾಂಕ್ರಸ್ ಸ್ಟೇಷನ್ನಿನ ಹೋಟೆಲ್ 1873ರಲ್ಲಿ ತೆರೆದು, 1935ರಲ್ಲಿ ಮುಚ್ಚಿ, 2011ರಲ್ಲಿ ಮತ್ತೆ ತೆರೆಯಿತು. ಅಂಥ ಕಡೆ ಕಟ್ಟಡ ನೋಡಲೆಂದೇ ಉಳಿಯುವವರಿದ್ದಾರೆ, ಅದು ಬೇರೆ ಮಾತು. ಉಳಿದಂತೆ ರಾತ್ರಿ ಹನ್ನೊಂದರ ಮೇಲೆ ಬಂದು ಬೆಳಿಗ್ಗೆ ಆರರೊಳಗೆ ಹೊರಡುವವರಿಗೆ, ವಯಸ್ಸಾದವರ ಜೊತೆ ಇರುವವರಿಗೆ ಮಾತ್ರ ಇಲ್ಲಿ ಕೊಡುವ ಹೆಚ್ಚಿನ ಹಣ ಗಿಟ್ಟುತ್ತದೆ.

ದಿನಕ್ಕೊಬ್ಬ ಗಿರಾಕಿ ಬದಲಾಗುವ ಹಾಸಿಗೆಯಲ್ಲಿ ತಿಗಣೆಯ ಭಯ ಇದ್ದದ್ದೇ. ಬ್ಯಾಗನ್ನು ಹಾಸಿಗೆ ಮೇಲೆ ಇಡದೆ ಬಚ್ಚಲುಮನೆಯ ಒಣ ಜಾಗದಲ್ಲಿ ಇಡಿ. ತಲೆದಿಂಬಿನ ಕಡೆಯ ಮೂಲೆಯಲ್ಲಿ ಬೆಡ್‌ಶೀಟ್ ಎತ್ತಿ, ಹಾಸಿಗೆಯ ಅಂಚಿನ ಹೊಲಿಗೆಯನ್ನು ಬೆರಳಲ್ಲಿ ಬಿಡಿಸಿ ಮೊಬೈಲ್ ಟಾರ್ಚ್ ಹಿಡಿಯಿರಿ. ಮೆಣಸಿನ ಪುಡಿ ಉದುರಿದಂತೆ ಕಪ್ಪು ಚುಕ್ಕೆ, ತುಕ್ಕಿನ ಬಣ್ಣದ ಕಲೆ, ತೆಳ್ಳನೆಯ ಹೊಟ್ಟು ಕಂಡರೆ ವಾದ ಬೇಡ, ರೂಮು ಬದಲಿಸಿ. ಪಕ್ಕದ ರೂಮು ಬೇಡ, ಗೋಡೆಯ ಬಿರುಕಿನಿಂದ ಅವು ಆಚೀಚೆ ಓಡಾಡುತ್ತವೆ. ತಲೆಯ ಕಡೆಯ ಮರದ ಹಲಗೆಯ ಹಿಂದೆಯೂ ಒಮ್ಮೆ ಬೆಳಕು ಬಿಡಿ. ಬೆಡ್‌ಶೀಟ್ ಬಿಳಿಯಾಗಿದೆ ಎಂಬುದು ಏನನ್ನೂ ಸಾಬೀತು ಮಾಡುವುದಿಲ್ಲ.

ಸ್ಟೇಷನ್ ಹೊರಗೆ ‘ಆ ಹೋಟೆಲು ಮುಚ್ಚಿದೆ, ಫುಲ್ ಆಗಿದೆ’ ಎನ್ನುವವರ ಮಾತಿಗೆ ನಿಲ್ಲಬೇಡಿ; ಫೋನ್ ಮಾಡಿ ಕೇಳಿದರೆ ಒಂದು ನಿಮಿಷದ ಕೆಲಸ. ಒಂದೇ ಹೆಸರಿನ ಎರಡು ಹೋಟೆಲುಗಳು ಒಂದೇ ಬೀದಿಯಲ್ಲಿ ಇರುವುದೂ ಉಂಟು, ಬಾಗಿಲ ಸಂಖ್ಯೆ ನೋಡಿಕೊಳ್ಳಿ.

ಬೆಳಗಿನ ಐದೂವರೆಯಿಂದ ಆರೂವರೆ ಇಂಥ ಹೋಟೆಲುಗಳ ಅಗ್ನಿಪರೀಕ್ಷೆ. ಎಲ್ಲರೂ ಒಟ್ಟಿಗೆ ಸ್ನಾನಕ್ಕೆ ಇಳಿಯುವುದರಿಂದ ಬಿಸಿನೀರಿನ ಒತ್ತಡ ಬೀಳುತ್ತದೆ, ಲಿಫ್ಟಿನೊಳಗೆ ಟ್ರಾಲಿಗಳೇ ತುಂಬಿರುತ್ತವೆ, ಕೌಂಟರಿನಲ್ಲಿ ಕಾರ್ಡ್ ಯಂತ್ರ ಒಂದೇ. ಬಿಲ್ಲನ್ನು ರಾತ್ರಿಯೇ ಚುಕ್ತಾ ಮಾಡಿ ರಸೀದಿ ತೆಗೆದುಕೊಳ್ಳಿ. ತಿಂಡಿ ದರದಲ್ಲೇ ಸೇರಿದ್ದು ನಿಮ್ಮ ರೈಲು ಅದಕ್ಕೂ ಮುಂಚೆ ಇದ್ದರೆ, ಕಟ್ಟಿಕೊಡುತ್ತಾರೆಯೇ ಎಂದು ಮಲಗುವ ಮೊದಲೇ ಕೇಳಿ. ಬೆಳಿಗ್ಗೆ ಕೇಳಿದರೆ ಅಡುಗೆಮನೆಗೆ ಇನ್ನೂ ಬೀಗ ಹಾಕಿರುತ್ತದೆ.