ಸಿಸೇರಿಯನ್ ಆದ ಬಾಣಂತಿಗೆ ಬಾಡಿಗೆ ಪಂಪ್: ಯಾವಾಗ ಬೇಕು, ಯಾವಾಗ ಬೇಡ

ಮುಂಬೈಯಲ್ಲಿ ಎರಡೂ ಕಡೆಯಿಂದ ಒಟ್ಟಿಗೆ ಎದೆಹಾಲು ತೆಗೆಯುವ, ಆಸ್ಪತ್ರೆ ದರ್ಜೆಯ ಡಬಲ್ ಎಲೆಕ್ಟ್ರಿಕ್ ಪಂಪ್ ಬಾಡಿಗೆಗೆ ಸಿಗುತ್ತದೆ. ಮಾಟುಂಗಾ, ಡೊಂಬಿವಿಲಿ ಕಡೆಯ ನಮ್ಮ ಮನೆಗಳಲ್ಲೂ ಸಿಸೇರಿಯನ್ ಅಂದ ಕೂಡಲೇ ಅದನ್ನು ತರಿಸುವ ಅವಸರ. ಯಂತ್ರ ಒಳ್ಳೆಯದೇ. ಆದರೆ ಮಗು ಪಕ್ಕದಲ್ಲಿದ್ದರೆ ಮೊದಲೆರಡು ದಿನ ಅದರ ಕೆಲಸ ಕಡಿಮೆ.

ಮಾಸು ಹೊರಬಿದ್ದ ಮೇಲೆ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಇಳಿದು ಪ್ರೊಲ್ಯಾಕ್ಟಿನ್ ಎಂಬ ಇನ್ನೊಂದು ಹಾರ್ಮೋನು ಹಾಲು ಮಾಡತೊಡಗುತ್ತದೆ, ಹೆರಿಗೆ ಹೇಗೇ ಆಗಿರಲಿ. ಆ ಹಾಲನ್ನು ಹೊರಗೆ ತಳ್ಳುವುದು ಆಕ್ಸಿಟೋಸಿನ್ ಎಂಬ ಹಾರ್ಮೋನು. ಸಹಜ ಹೆರಿಗೆಯಾದವರಲ್ಲಿ ಮಗು ಚೀಪುವಾಗ ಅದು ಅಲೆಅಲೆಯಾಗಿ ಬರುತ್ತದೆ. ತುರ್ತು ಸಿಸೇರಿಯನ್ ಆದವರಲ್ಲಿ ಎರಡನೇ ದಿನ ಆ ಅಲೆಗಳು ಕಡಿಮೆ. ಹೊಲಿಗೆಯ ನೋವು, ಗಾಬರಿ ಸೇರಿದರೆ ಇನ್ನೂ ತಡ. ಹಾಲು ತುಂಬಿಕೊಳ್ಳುವುದು ನಾಲ್ಕನೇ ದಿನಕ್ಕೆ ಹೋದರೂ ಹಾಲೇ ಇಲ್ಲ ಎಂದುಕೊಳ್ಳಬೇಡಿ.

ಮೊದಲ ದಿನಗಳ ಅಂಟು ಹಳದಿ ಹಾಲು ಎದೆಗೆ ಇಡುವ ಪಂಪಿನ ಬಟ್ಟಲಿಗೆ, ಅಂದರೆ ಫನೆಲ್‌ಗೇ ಮೆತ್ತಿಕೊಂಡು ವ್ಯರ್ಥ. ಕೈಯಲ್ಲಿ ಹಿಂಡಿ ಒಳಲೆಯಲ್ಲಿ ಕುಡಿಸಿ. ಮೊದಲ ದಿನ ಸಲಕ್ಕೆ 5–7 ಮಿಲಿ ಸಾಕು. ಹೊಲಿಗೆಗೆ ಭಾರ ಬೀಳದಂತೆ ಮಗುವನ್ನು ಕಂಕುಳಡಿ ಹಿಡಿದು ಚೀಪಿಸಿ. ಮಗು ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಇದ್ದರೆ ಮಾತ್ರ ಕಾಯದೆ ಮೊದಲ ಕೆಲವು ಗಂಟೆಗಳಲ್ಲೇ ಕೈ, ಪಂಪ್ ಎರಡೂ ಶುರುವಾಗಲಿ. (ಅವಧಿಗೆ ಮುಂಚೆ ಹುಟ್ಟಿದ ಕೂಸುಗಳಿಗಾಗಿ ಸಯನ್ ಆಸ್ಪತ್ರೆಯಲ್ಲಿ 1989ರಿಂದ ಎದೆಹಾಲಿನ ಬ್ಯಾಂಕ್ ಇದೆ.)

ಪಂಪ್ ಹಚ್ಚಿದವರು ಸಾಮಾನ್ಯವಾಗಿ ಮಾಡುವ ತಪ್ಪು, ಶುರುವಿಗೇ ಜೋರು ಎಳೆತ. ನೋವಾದರೆ ಆಕ್ಸಿಟೋಸಿನ್ ನಿಲ್ಲುತ್ತದೆ, ಹಾಲೂ ನಿಲ್ಲುತ್ತದೆ. ಮೊದಲ 2 ನಿಮಿಷ ಚುರುಕಾದ ಹಗುರ ಎಳೆತ, ಹಾಲು ತೊಟ್ಟಿಕ್ಕಿದ ಮೇಲೆ ನಿಧಾನದ ಆಳ ಎಳೆತ. ಒಟ್ಟು 15 ನಿಮಿಷ. ದಿನಕ್ಕೆ 8 ಸಲ, ಒಂದಾದರೂ ನಡುರಾತ್ರಿ, ಯಾಕೆಂದರೆ ಪ್ರೊಲ್ಯಾಕ್ಟಿನ್ ಆಗ ಹೆಚ್ಚು.

ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ 24 ಮಿಮೀ ಫನೆಲ್ ಒಂದೇ ಅಳತೆ ಬರುತ್ತದೆ, ಇದೇ ದೊಡ್ಡ ಕೊರತೆ. ತೊಟ್ಟು ಕೊಳವೆಯೊಳಗೆ ಸಲೀಸಾಗಿ ಆಡಬೇಕು. ಸುತ್ತಲಿನ ಕಪ್ಪು ಭಾಗ ಒಳಗೆ ಎಳೆದುಕೊಂಡು ಹೋದರೆ ಅಳತೆ ದೊಡ್ಡದು, ತೊಟ್ಟು ಗೋಡೆಗೆ ಉಜ್ಜಿದರೆ ಚಿಕ್ಕದು. 21, 27 ಕೇಳಿ ಪಡೆಯಿರಿ. ಎಳೆತ ಸೊರಗಿದರೆ ಮೋಟರನ್ನು ದೂರುವ ಮೊದಲು ರಬ್ಬರ್ ವಾಲ್ವನ್ನು ಬೆಳಕಿಗೆ ಹಿಡಿಯಿರಿ. ತುದಿಯ ಸೀಳು ಸಣ್ಣಗೆ ಹರಿದಿರುತ್ತದೆ. ಮಳೆಗಾಲದ ತೇವಕ್ಕೆ ಟ್ಯೂಬಿನಲ್ಲಿ ಬೂಷ್ಟು ಹಿಡಿಯುತ್ತದೆ: ಹಾಲು ತೆಗೆದಾದ ಮೇಲೆ ಟ್ಯೂಬನ್ನು ಬಾಟಲಿಯಿಂದ ಬಿಡಿಸಿ, ಅದು ಒಣಗುವಂತೆ ಪಂಪನ್ನು 2 ನಿಮಿಷ ಓಡಿಸಿ. ಬಾಡಿಗೆಗೆ ಮೋಟರ್ ಮಾತ್ರ, ಅದೂ ಹಾಲು ಒಳಗೆ ಹೋಗದ ಮುಚ್ಚಿದ ಬಗೆಯದು. ಫನೆಲ್, ವಾಲ್ವ್, ಟ್ಯೂಬು ಸ್ವಂತದ್ದು, ಹೊಸದು.