ಮರದ ಹಲಗೆ ಬಿಲ್ ಜೊತೆ ಕಟ್ಟಿದ 1% ಗೆ ಏನ್ ಸಿಗುತ್ತೆ (5ಕ್ಕೆ 4 ಸ್ಟಾರ್)

ಹಿತ್ತಲಲ್ಲಿ ಡೆಕ್ ಹಾಕಿಸೋಣ ಅಂತ 1,400 ಡಾಲರ್‌ಗೆ ರೆಡ್‌ವುಡ್ ಹಲಗೆ ತಗೊಂಡೆ. ಬಿಲ್ ನೋಡಿದ್ರೆ ಸೇಲ್ಸ್ ಟ್ಯಾಕ್ಸ್ ಆದ್ಮೇಲೆ ಇನ್ನೊಂದು ಸಾಲು, ಲಂಬರ್ ಅಸೆಸ್‌ಮೆಂಟ್ ಅಂತ 14 ಡಾಲರ್. ಇದೇನಪ್ಪ ಅಂತ ಕೌಂಟರಲ್ಲಿದ್ದ ಹುಡುಗನ್ನ ಕೇಳಿದ್ರೆ "ಅದು ಸ್ಟೇಟ್‌ದು" ಅಂದ, ಅಷ್ಟೇ. ಸರಿ, ಹಲಗೆಗಳನ್ನ ಗರಾಜಲ್ಲಿ ಪೇರಿಸಿಟ್ಟು ಎರಡು ರಾತ್ರಿ ಕೂತು ಓದಿದೆ, ಹಾಗಾಗಿ ಹಲಗೆ ರಿವ್ಯೂ ಬರೀಬೇಕಾದವನು ಈ 14 ಡಾಲರ್ ರಿವ್ಯೂ ಬರೀತಿದೀನಿ.

ಇದು ಕ್ಯಾಲಿಫೋರ್ನಿಯಾದಲ್ಲಿ 2012ರಲ್ಲಿ ಬಂದ ಎಬಿ 1492 ಅನ್ನೋ ಕಾನೂನಿಂದ, ವಸೂಲಿ ಶುರುವಾಗಿದ್ದು 2013ರ ಜನವರಿ 1ರಿಂದ. ಹಲಗೆ, ಪ್ಲೈವುಡ್ ಥರದ್ದಕ್ಕೆಲ್ಲ 1%, ಫರ್ನಿಚರ್‌ಗೂ ಸೌದೆಗೂ ಇಲ್ಲ (ಸೌದೆಗೆ ಯಾಕಿಲ್ಲ ಅಂತ ಕೇಳ್ಬೇಡಿ). ದುಡ್ಡೆಲ್ಲ ಒಂದು ಫಂಡ್‌ಗೆ ಹೋಗುತ್ತೆ, ಅದ್ರಲ್ಲಿ ಮರ ಕಡಿಯೋರು ಕೊಡೋ ಟಿಂಬರ್ ಹಾರ್ವೆಸ್ಟ್ ಪ್ಲಾನ್‌ಗಳನ್ನ ಪರಿಶೀಲಿಸೋ ಸಿಬ್ಬಂದಿಗೆ ಸಂಬಳ, ಕಾಡಿನ ರಿಪೇರಿ ಕೆಲಸ ಇತ್ಯಾದಿ. ಅದು ಬೇಕಾದ್ದೇ, ನಾನು ಹೇಳೋಕೆ ಹೊರಟಿರೋದು ಅದಲ್ಲ. ರಾಜ್ಯದ ಅರಣ್ಯ ಮಂಡಳಿ ಕೆಳಗೆ 2014ರಲ್ಲಿ ಶುರುವಾದ ಎಫೆಕ್ಟಿವ್‌ನೆಸ್ ಮಾನಿಟರಿಂಗ್ ಕಮಿಟಿ ಅಂತ ಒಂದಿದೆ, ಇದೇ ಫಂಡಿಂದ ವರ್ಷಕ್ಕೆ ಸುಮಾರು 4,25,000 ಡಾಲರ್ ಇಟ್ಕೊಂಡು "ಮರ ಕಡಿಯೋಕೆ ನಾವು ಬರೆದ ರೂಲ್ಸ್ ನಿಜವಾಗ್ಲೂ ಕೆಲಸ ಮಾಡ್ತಿದ್ಯಾ ಚೆಕ್ ಮಾಡಿ ಹೇಳಿ" ಅಂತ ವಿಜ್ಞಾನಿಗಳಿಗೆ ದುಡ್ಡು ಕೊಡುತ್ತೆ. ರೂಲ್ಸ್ ಮಾಡೋ ಆಫೀಸೇ ತನ್ನ ರೂಲ್ಸನ್ನ ಪರೀಕ್ಷೆಗೆ ಕೂರಿಸೋದು ಎಲ್ಲಾದ್ರೂ ನೋಡಿದೀರಾ? ನಾನಂತೂ ನೋಡಿರ್ಲಿಲ್ಲ.

ಉದಾಹರಣೆಗೆ ಮೀನಿರೋ ಹೊಳೆ ಪಕ್ಕ ಮರ ಕಡಿಯೋದಾದ್ರೆ ಇಳಿಜಾರು ನೋಡ್ಕೊಂಡು 75, 100, ಇಲ್ಲಾ 150 ಅಡಿ ಅಗಲದ ಪಟ್ಟಿಯಲ್ಲಿ ಬೇಕಾದಂಗೆ ಕಡಿಯೋ ಹಾಗಿಲ್ಲ ಅಂತ ಸಾಮಾನ್ಯ ನಿಯಮ. ಸರಿ, ಆದ್ರೆ 75 ಸಾಕಾ? 150 ಜಾಸ್ತಿ ಆಯ್ತಾ? ಮೀಟಿಂಗಲ್ಲಿ ಟೇಬಲ್ ಗುದ್ದಿದ್ರೆ ಉತ್ತರ ಬರಲ್ಲ, ಹೊಳೆಗಿಳಿದು ನೀರು ಅಳೀಬೇಕು, ಅದೂ ವರ್ಷಗಟ್ಟಲೆ.

ಎಷ್ಟು ವರ್ಷ ಅಂದ್ರೆ ಮೆಂಡೊಸಿನೊ ಕರಾವಳಿ ಹತ್ರ ಕ್ಯಾಸ್ಪರ್ ಕ್ರೀಕ್ ಅಂತ ಇದೆ ನೋಡಿ, ಅಲ್ಲಿ 1962ರಿಂದ ಅಳೀತಿದಾರೆ, ಈ 1% ಹುಟ್ಟೋಕೂ 50 ವರ್ಷ ಮುಂಚೆ. ಒಂದೇ ಹೊಳೆಗೆ ಎರಡು ಕವಲು. ದಕ್ಷಿಣದ ಕವಲಲ್ಲಿ 1971ರಿಂದ 73ರವರೆಗೆ ಹಳೇ ಪದ್ಧತಿಯಲ್ಲಿ ಕಡಿದ್ರು, ಆಗಿನ್ನೂ 1973ರ ಅರಣ್ಯ ಕಾಯ್ದೆಯ ರೂಲ್ಸ್ ಇರ್ಲಿಲ್ಲ, ಹೊಳೆ ಪಕ್ಕದಲ್ಲೇ ರಸ್ತೆ, ಟ್ರಾಕ್ಟರಲ್ಲಿ ದಿಮ್ಮಿ ಎಳೆಯೋದು, ಮಣ್ಣೆಲ್ಲ ನೀರಿಗೆ. ಉತ್ತರದ ಕವಲಲ್ಲಿ ಕಡಿದಿದ್ದು 1985ರಿಂದ 92ರ ನಡುವೆ, ಹೊಸ ರೂಲ್ಸ್ ಪ್ರಕಾರ ಹೊಳೆ ಪಕ್ಕ ಮರ ಬಿಟ್ಟು, ಹೆಚ್ಚಿನ ಕಡೆ ಕೇಬಲ್ ಹಾಕಿ ದಿಮ್ಮಿನ ಮೇಲಕ್ಕೆ ಎಳ್ಕೊಂಡು. ಅರ್ಧದಷ್ಟು ಜಾಗ ಪೂರ್ತಿ ಬೋಳು ಮಾಡಿದ್ರೂ ನೀರಿಗೆ ಸೇರಿದ ಹೂಳು ದಕ್ಷಿಣಕ್ಕಿಂತ ಕಡಿಮೆ! ಹೂಳು ಯಾಕೆ ಮುಖ್ಯ ಅಂದ್ರೆ ಕೋಹೋ ಸಾಲ್ಮನ್ ಮೀನು ಹೊಳೆ ತಳದ ಜಲ್ಲಿಯೊಳಗೆ ಮೊಟ್ಟೆ ಇಡುತ್ತೆ, ಸಣ್ಣ ಮಣ್ಣು ಹೋಗಿ ಸಂದಿ ಮುಚ್ಕೊಂಡ್ರೆ ಮೊಟ್ಟೆಗೆ ಉಸಿರು ಕಟ್ಟುತ್ತೆ. ಇದನ್ನ ಓದಿದ್ಮೇಲೆ 14 ಡಾಲರ್ ಬಗ್ಗೆ ನನ್ನ ಮುನಿಸು ಅರ್ಧ ಇಳೀತು.

ಕಮಿಟಿ ದುಡ್ಡು ಕೊಟ್ಟಿರೋ ಕೆಲಸಗಳಲ್ಲಿ ನಂಗೆ ಇಷ್ಟ ಆಗಿದ್ದು ಬಾಗ್ಸ್ ಮೌಂಟನ್ ಅನ್ನೋ ಕಾಡಿಂದು. 2015ರ ವ್ಯಾಲಿ ಫೈರ್ ಅನ್ನೋ ಕಾಡ್ಗಿಚ್ಚಲ್ಲಿ ಆ ಕಾಡು ಸುಟ್ಟೋಯ್ತು, ಸುಟ್ಟ ಮರ ಕಡಿದು ಮಾರೋವಾಗ ಈಗಿರೋ ರೂಲ್ಸ್ ನೀರನ್ನ ಕಾಪಾಡುತ್ತಾ ಅಂತ ನೋಡೋ ಅಧ್ಯಯನ. ವರ್ಷವರ್ಷ ಬೆಂಕಿ ಬೀಳೋ ರಾಜ್ಯದಲ್ಲಿ ಇದಕ್ಕಿಂತ ಅರ್ಜೆಂಟ್ ಪ್ರಶ್ನೆ ಯಾವ್ದಿದೆ ಹೇಳಿ.

ಒಂದು ಸ್ಟಾರ್ ಯಾಕೆ ಕಟ್ ಮಾಡ್ದೆ ಅಂದ್ರೆ, ದುಡ್ಡು ತೀರಾ ಕಮ್ಮಿ. ಹೊಳೆಗೆ ಮೀಟರ್ ಕೂರಿಸಿ, ಮಳೆಗಾಲದಲ್ಲಿ ಸ್ಯಾಂಪಲ್ ತೆಗೆಯೋಕೆ ಜನ ಇಟ್ಟು, ಲ್ಯಾಬ್ ಖರ್ಚು ಹಾಕಿದ್ರೆ 4,25,000 ಎಷ್ಟು ಅಧ್ಯಯನಕ್ಕೆ ಬರುತ್ತೆ? ಕಡಿಯೋ ಮುಂಚೆ ಕೆಲವು ವರ್ಷ, ಕಡಿದ ಮೇಲೆ ಕೆಲವು ವರ್ಷ ಅಳೀದೇ ಹೋದ್ರೆ ವ್ಯತ್ಯಾಸ ಬಂದಿದ್ದು ಮಳೆಯಿಂದನಾ ರೂಲ್ಸಿಂದನಾ ಅಂತನೇ ಗೊತ್ತಾಗಲ್ಲ, ಅಂಥದ್ದಕ್ಕೆ ಎರಡು ಮೂರು ವರ್ಷದ ಗ್ರಾಂಟ್ ಅಂದ್ರೆ ಅರ್ಧ ಸಿನಿಮಾ ನೋಡಿ ಎದ್ದು ಬಂದಂಗೆ. ಇನ್ನೊಂದು, ರಿಪೋರ್ಟಲ್ಲಿ ಏನೇ ಬಂದ್ರೂ ರೂಲ್ ತಾನಾಗೇ ಬದಲಾಗಲ್ಲ, ಮಂಡಳಿ ಕೂತು ಮತ್ತೆ ತೀರ್ಮಾನ ಮಾಡ್ಬೇಕು. ಬೇಲಿನೇ ಎದ್ದು ಹೊಲ ಮೇಯ್ದಂಗಾಗಲ್ವಾ ಅಂತ ಮೊದ್ಲು ನಂಗೂ ಡೌಟ್ ಬಂದಿತ್ತು, ಆದ್ರೆ ಕಮಿಟಿ ಮೀಟಿಂಗ್ ಪಬ್ಲಿಕ್‌ಗೆ ಓಪನ್, ಯಾರು ಬೇಕಾದ್ರೂ ಕೂತು ಪ್ರಶ್ನೆ ಕೇಳ್ಬಹುದು, ಆ ಡೌಟ್‌ಗೆ ಸ್ಟಾರ್ ಕಟ್ ಮಾಡಿಲ್ಲ.

ಹಲಗೆ ಬಗ್ಗೆನೂ ಹೇಳ್ಬಿಡ್ತೀನಿ, ಚೆನ್ನಾಗಿದೆ, ಎರಡು ಮಾತ್ರ ಸೊಟ್ಟ ಬಂದಿದ್ವು, ಡೆಕ್ ಇನ್ನೂ ಶುರು ಮಾಡಿಲ್ಲ.