ಟೆಲಿಫೋನ್ ವೈರೋ, ಲ್ಯಾನ್ ಕೇಬಲ್ಲೋ, ಮನೆ ವೈರಿಂಗಿನ ವೈರೋ: ಓಲೆ ಮಾಡಿ ನೋಡಿದ್ದು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಟೆಲಿಫೋನ್ ವೈರಿಗೆ. ಚಿಕ್ಕವರಿದ್ದಾಗ ಲೈನ್‌ಮನ್ ಕಂಬದ ಕೆಳಗೆ ಬಿಟ್ಟುಹೋದ ತುಂಡುಗಳಿಗೆ ನಾವು ಕಿತ್ತಾಡುತ್ತಿದ್ದೆವು. ಉಂಗುರ, ಬಳೆ, ಪೆನ್ನಿನ ಮೇಲಿನ ಹೆಣಿಗೆ, ಎಲ್ಲ ಅದರದ್ದೇ. ಆದರೂ ಹೋದ ವರ್ಷ ಗೊಂಬೆ ಹಬ್ಬಕ್ಕೆ ಹೂವು, ಓಲೆ ಮಾಡಲು ಹೊರಟಾಗ ಲ್ಯಾನ್ ಕೇಬಲ್ ತಂದೆ. ಪಕ್ಕದ ಬೀದಿಯಲ್ಲೇ ಸಿಗುತ್ತದೆ, ಅಗ್ಗ. ಅಷ್ಟೇ ಕಾರಣ.

ಸಿಪ್ಪೆ ಸೀಳಿದರೆ ಒಳಗೆ 8 ಎಳೆ. ಕಿತ್ತಳೆ, ಹಸಿರು, ನೀಲಿ, ಕಂದು, ಒಂದೊಂದಕ್ಕೂ ಜೊತೆಗೊಂದು ಬಿಳಿ. ಕೆಂಪೂ ಇಲ್ಲ, ಹಳದಿಯೂ ಇಲ್ಲ. ಅರಿಶಿನ ಕುಂಕುಮದ ಬಣ್ಣವೇ ಇಲ್ಲದೆ ಗೊಂಬೆಗೆ ಎಂಥ ಹಾರ? ಅದನ್ನೂ ಸಹಿಸಿಕೊಂಡೆ. ರಿಫಿಲ್ ಮೇಲೆ ಸುತ್ತಿ ಸ್ಪ್ರಿಂಗ್ ಮಾಡಿ, ಅದನ್ನು ಬಗ್ಗಿಸಿ ಎಸಳು ಮಾಡಿದೆ. ನೋಡೋಕೆ ಚೆನ್ನಾಗಿಯೇ ಬಂತು.

ಅಣ್ಣನ ಮಗಳು ಓಲೆ ಹಾಕಿಕೊಂಡು ಒಂದು ನಾಮಕರಣಕ್ಕೆ ಹೋದಳು. ಊಟದ ಪಂಕ್ತಿಯಿಂದಲೇ ಫೋನು: "ಅತ್ತೆ, ನಿಮ್ಮ ಓಲೆಯ ಎಸಳು ಎಲೆ ಮೇಲೆ ಬಿತ್ತು!" ಇನ್ನೊಂದು ಮಾಡಿಕೊಟ್ಟೆ, ಅದೂ ಮುರಿಯಿತು. ಇಕ್ಕಳ ಜಾಸ್ತಿ ಒತ್ತಿದೆನೇನೋ ಅಂದುಕೊಂಡು ಬರಿಗೈಯಲ್ಲೇ ಬಗ್ಗಿಸಿ ಮೂರನೆಯದು ಮಾಡಿದೆ. ಕೊಕ್ಕೆ ಸೇರುವ ಜಾಗದಲ್ಲೇ ಟಕ್ಕೆಂದು ಹೋಯಿತು.

ಕೊನೆಗೆ ಬ್ಲೇಡಿನಿಂದ ತುದಿ ಕೆರೆದು ನೋಡಿದೆ. ಮೇಲೆ ತಾಮ್ರ, ಒಳಗೆ ಬೆಳ್ಳಗೆ ಅಲ್ಯೂಮಿನಿಯಂ! ಅಗ್ಗದ ಲ್ಯಾನ್ ಕೇಬಲ್ಲುಗಳಲ್ಲಿ ಇದು ಮಾಮೂಲಂತೆ, 'ಸಿಸಿಎ' ಅನ್ನುತ್ತಾರೆ. ಒಂದೇ ಜಾಗದಲ್ಲಿ ಎರಡು ಮೂರು ಸಲ ಬಗ್ಗಿಸಿದರೆ ಮುಗಿಯಿತು. ಶುದ್ಧ ತಾಮ್ರದ್ದೂ ಇದೆ, ಬೆಲೆ ಜಾಸ್ತಿ. ಕೊಳ್ಳುವ ಮುಂಚೆ ತುದಿ ಕೆರೆದು ತೋರಿಸಿ ಅನ್ನಿ. ಅಂಗಡಿಯವನು ಮುಖ ಸಿಂಡರಿಸಿದರೂ ಪರವಾಗಿಲ್ಲ.

ಮನೆ ವೈರಿಂಗಿನ 1 ಚದರ ಮಿ.ಮೀ. ವೈರ್ ಓಲೆಗೆ ಬೇಡವೇ ಬೇಡ. ಒಳಗಿರುವುದು ಸಣ್ಣ ಸಣ್ಣ ಎಳೆಗಳ ಕಟ್ಟು, ಹೇಗೆ ಬಗ್ಗಿಸಿದರೂ ಹಾಗೆ ನಿಲ್ಲುವುದಿಲ್ಲ. ಅದರ ಸಿಪ್ಪೆಯನ್ನು ಕುಸುರಿ ಕತ್ತರಿಸಿದರೆ ಮಾತ್ರ ಒಳ್ಳೆ ಮಣಿ ಆಗುತ್ತದೆ. ಒಳಗಿನ ಎಳೆ ಮಣಿ ಪೋಣಿಸಲು ಸಾಕು.

ಇನ್ನು ನಮ್ಮ ಟೆಲಿಫೋನ್ ವೈರ್. ಬಿಳಿ, ಕೆಂಪು, ಕಪ್ಪು, ಹಳದಿ, ನೇರಳೆ ಒಂದು ಕಡೆ. ನೀಲಿ, ಕಿತ್ತಳೆ, ಹಸಿರು, ಕಂದು, ಬೂದು ಇನ್ನೊಂದು ಕಡೆ. ಇವನ್ನು ಜೋಡಿ ಹಾಕಿಯೇ 25 ಜೋಡಿ ಗುರುತಿಸುತ್ತಾರೆ. ನಮಗೆ 10 ಬಣ್ಣ ಪುಕ್ಕಟೆ. ಅರ್ಧ ಮಿ.ಮೀ. ದಪ್ಪದ ಒಂಟಿ ತಾಮ್ರದ ತಂತಿ, ಬಗ್ಗಿಸಿದ ಹಾಗೆ ನಿಲ್ಲುತ್ತದೆ. ದಕ್ಷಿಣ ಆಫ್ರಿಕಾದ ಜುಲು ಜನ ಇಂಥದ್ದರಲ್ಲೇ ಬಣ್ಣಬಣ್ಣದ ಬುಟ್ಟಿ ಹೆಣೆಯುತ್ತಾರೆ, ಇಂಬೆಂಗೆ ಅಂತ ಅದರ ಹೆಸರು. ಅವರ ಸುರುಳಿ ವಿನ್ಯಾಸ ನೋಡಿದರೆ ನನ್ನ ಓಲೆಗಳಿಗೆ ನಾಚಿಕೆಯಾಗಬೇಕು.

ಒಂದು ಎಚ್ಚರಿಕೆ. ನೆಲದಡಿ ಹೂಳುವ ಕೇಬಲ್ ತಂದರೆ ಒಳಗೆ ಜೆಲ್ಲಿ ತುಂಬಿರುತ್ತದೆ. ಹಳೇ ಬನಿಯನ್ನಿಗೆ ಸೀಮೆಎಣ್ಣೆ ಹಾಕಿ ಒರೆಸಿ, ಆಮೇಲೆ ಪಾತ್ರೆ ಸೋಪಿನಲ್ಲಿ ತೊಳೆದರೂ ಎರಡು ದಿನ ಬೆರಳು ಅಂಟಂಟು. ಕಟ್ಟಡದೊಳಗೆ ಹಾಕುವ ಒಣ ಕೇಬಲ್ಲನ್ನೇ ಕೇಳಿ. ನನಗೆ ಗುಜರಿಯಲ್ಲಿ 20 ಜೋಡಿಯ 3 ಮೀಟರ್ ತುಂಡು 250 ರೂಪಾಯಿಗೆ ಸಿಕ್ಕಿತು. ಬಿಚ್ಚಿದರೆ 120 ಮೀಟರ್ ವೈರ್! ವಾರಕ್ಕೊಂದು ಜೊತೆ ಮಾಡುವ ನನ್ನಂಥವಳಿಗೆ ವರ್ಷಕ್ಕಾಗುತ್ತದೆ. ಕಿವಿಗೆ ಹೋಗುವ ಕೊಕ್ಕೆ ಮಾತ್ರ ಫ್ಯಾನ್ಸಿ ಸ್ಟೋರಿನದ್ದು. ಬರೀ ತಾಮ್ರ ಚುಚ್ಚಿಕೊಂಡರೆ ಕಿವಿ ಹಸಿರಾಗುತ್ತದೆ.

ಉಳಿದ ಲ್ಯಾನ್ ಕೇಬಲ್ ಈಗ ಟೆರೇಸಿನ ಹಾಗಲಬಳ್ಳಿಯನ್ನು ಚಪ್ಪರಕ್ಕೆ ಕಟ್ಟಿದೆ. ಅಲ್ಲಿ ಬಗ್ಗಿಸುವುದು ಒಂದೇ ಸಲ, ಮುರಿದಿಲ್ಲ.